ಕೊಳ್ಳುವ ಕೈಯೇ ಕೊಡುವ ಕೈ

ತಮ್ಮಾ, ತಂಗೀ,

ನೀವೀಗ ದುಡಿಯಲು ಶುರು ಮಾಡಿದ್ದೀರಿ. ಅಪ್ಪನ ಮುಂದೆ ಕೈಚಾಚುವ ಕಾಲ ಮುಗಿದು ನಿಮ್ಮ ದುಡ್ಡು ನಿಮ್ಮ ಕೈಗೇ ಬರುತ್ತಿದೆ. ಅದರ ಜೊತೆಗೆ ಎರಡು ಸುಖಗಳೂ ಬಂದಿವೆ. ಮನಸ್ಸಿಗೆ ಹಿಡಿಸಿದ್ದನ್ನು ಕೊಳ್ಳುವ ಸುಖ ಒಂದು, ಕಷ್ಟದಲ್ಲಿರುವವರಿಗೆ ನಾಲ್ಕು ಕಾಸು ಕೊಡುವ ಸುಖ ಇನ್ನೊಂದು. ನಿಮ್ಮ ಪೀಳಿಗೆಯ ಮೇಲೆ ನನಗೆ ಯಾವ ದೂರೂ ಇಲ್ಲ. ಹಬ್ಬದ ಸೇಲಿನಲ್ಲಿ ಅರ್ಧ ರಾತ್ರಿಯವರೆಗೆ ಫೋನ್ ಹಿಡಿದು ಕೂರುವವರೂ ನೀವೇ, ಯಾರದೋ ಮಗುವಿನ ಆಪರೇಷನ್ನಿಗೆ ಅಂದರೆ ಜಾತಿ ಊರು ಕೇಳದೆ ಐನೂರು ರೂಪಾಯಿ ಕಳಿಸುವವರೂ ನೀವೇ.

ನಾನು ಹೇಳಬೇಕೆಂದಿರುವುದು ಒಂದೇ ಮಾತು. ಈ ಎರಡನ್ನೂ ಬೇರೆ ಬೇರೆ ಖಾತೆಯಲ್ಲಿ ಬರೆಯಬೇಡಿ. ಕೊಡುವುದು ಕೊಳ್ಳುವಾಗಲೇ ಶುರುವಾಗುತ್ತದೆ. ಯಾರಿಗೋ ಸಲ್ಲಬೇಕಾದ ಕೂಲಿಯನ್ನು ಉಳಿಸಿಕೊಂಡು, ಆ ಉಳಿಕೆಯಲ್ಲಿ ಇನ್ಯಾರಿಗೋ ಧರ್ಮ ಮಾಡಿದರೆ, ನಮ್ಮ ಹಿರಿಯರು ಅದನ್ನು ಆಕಳು ಕೊಂದು ಚಪ್ಪಲಿ ದಾನ ಮಾಡಿದ ಹಾಗೆ ಅನ್ನುತ್ತಿದ್ದರು.

ಇದು ನಾನು ಹೊಸದಾಗಿ ಹೇಳುತ್ತಿರುವುದಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಎಂಬ ಗಂಡ ಹೆಂಡತಿ ಇದ್ದರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಮಾರಯ್ಯ ಆಯ್ದು ತರುತ್ತಿದ್ದ. ಲಕ್ಕಮ್ಮ ಅದನ್ನೇ ಅಡುತ್ತಿದ್ದಳು. ಇಬ್ಬರೂ ಜಂಗಮರಿಗೆ ಬಡಿಸಿ, ಆಮೇಲೆ ತಾವು ಉಣ್ಣುತ್ತಿದ್ದರು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಹಿಗ್ಗಲಿಲ್ಲ. ನಮಗೆ ಎಂದಿನಷ್ಟು ಸಾಕು, ಮಿಕ್ಕದ್ದನ್ನು ತಂದಲ್ಲೇ ಸುರಿದು ಬಾ ಎಂದು ಗಂಡನನ್ನು ತಿರುಗಿ ಕಳಿಸಿದಳು. ಈ ಕತೆ ಹೇಳಿದಾಗಲೆಲ್ಲ ನನ್ನ ಕ್ಲಾಸಿನಲ್ಲಿ ಯಾರಾದರೊಬ್ಬ ಜಾಣ ಎದ್ದು ನಿಂತು, ‘ಟೀಚರ್, ಆ ಹೆಚ್ಚಿನ ಅಕ್ಕಿಯಲ್ಲಿ ಇನ್ನೂ ನಾಲ್ಕು ಜನಕ್ಕೆ ಉಣ್ಣಲಿಕ್ಕೆ ಹಾಕಬಹುದಿತ್ತಲ್ಲ?’ ಎಂದು ಕೇಳುತ್ತಿದ್ದ. ಪ್ರಶ್ನೆ ಸರಿಯಾದದ್ದೇ. ಇವತ್ತಿನ ದೊಡ್ಡ ದಾನಿಗಳೂ ಅದನ್ನೇ ಹೇಳುತ್ತಾರೆ: ಮೊದಲು ಹೇಗಾದರೂ ಗಳಿಸೋಣ, ಆಮೇಲೆ ಧಾರಾಳವಾಗಿ ಹಂಚೋಣ. ಲಕ್ಕಮ್ಮನ ಲೆಕ್ಕ ಬೇರೆ. ನಮ್ಮ ಪಾಲಿಗಿಂತ ಹೆಚ್ಚು ಎತ್ತಿಕೊಳ್ಳದೆ ಇರುವುದೇ ಮೊದಲ ದಾಸೋಹ. ಬಡಿಸುವುದು ಎರಡನೆಯದು. ಈ ಲೆಕ್ಕವನ್ನು ನಿಮ್ಮ ಕಪಾಟಿನ ಬಟ್ಟೆಗೆ ಹಚ್ಚಿ ನೋಡೋಣ, ಬನ್ನಿ.

ಬೆಲೆಯೊಳಗಿನ ಕೂಲಿ

ಒಂದು ಅಂಗಿ 299 ರೂಪಾಯಿಗೆ ಸಿಕ್ಕಿತು ಅಂತಿಟ್ಟುಕೊಳ್ಳಿ. ಹತ್ತಿ ಬೆಳೆದವರು, ನೂಲು ತೆಗೆದವರು, ನೇಯ್ದವರು, ಬಣ್ಣ ಹಾಕಿದವರು, ಕತ್ತರಿಸಿದವರು, ಹೊಲಿದವರು, ಗುಂಡಿ ಹಚ್ಚಿದವರು, ಲಾರಿಯಲ್ಲಿ ತಂದವರು, ನಿಮ್ಮ ಬಾಗಿಲಿಗೆ ಮುಟ್ಟಿಸಿದ ಹುಡುಗ, ಇವರೆಲ್ಲರ ಜೊತೆಗೆ ಜಾಹೀರಾತಿನ ಖರ್ಚು, ಕಂಪನಿಯ ಲಾಭ, ಸರ್ಕಾರದ ತೆರಿಗೆ. ಇಷ್ಟು ಕಡೆಗೆ ಆ 299ನ್ನು ಹಂಚಿ ನೋಡಿ. ಯಾರೋ ಒಬ್ಬರ ತಟ್ಟೆಗೆ ಬೀಳಬೇಕಾದದ್ದು ಬಿದ್ದಿಲ್ಲ ಎಂಬುದು ಗಣಿತದ ಮೇಷ್ಟ್ರ ಸಹಾಯವಿಲ್ಲದೆಯೂ ಗೊತ್ತಾಗುತ್ತದೆ.

2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ಢಾಕಾ ಬಳಿಯ ಸಾವರ್‌ನಲ್ಲಿ ರಾಣಾ ಪ್ಲಾಜಾ ಎಂಬ ಎಂಟು ಅಂತಸ್ತಿನ ಕಟ್ಟಡ ಕುಸಿದು ಬಿತ್ತು. ಒಳಗೆ ಐದು ಗಾರ್ಮೆಂಟ್ಸ್ ಕಾರ್ಖಾನೆಗಳಿದ್ದವು. ಹಿಂದಿನ ದಿನವೇ ಕಟ್ಟಡದಲ್ಲಿ ಬಿರುಕು ಕಂಡಿತ್ತು. ಕೆಳಗಿನ ಬ್ಯಾಂಕು, ಅಂಗಡಿಗಳು ಬಾಗಿಲು ಹಾಕಿದವು. ಹೊಲಿಗೆಯವರಿಗೆ ಮಾತ್ರ ಮರುದಿನ ಬೆಳಿಗ್ಗೆ ಕೆಲಸಕ್ಕೆ ಬರಲೇಬೇಕೆಂಬ ಒತ್ತಾಯ. ಹೊರದೇಶದ ಬ್ರ್ಯಾಂಡುಗಳಿಗೆ ಮಾಲು ಗಡುವಿನೊಳಗೆ ಹೋಗಬೇಕಿತ್ತು. 1,100ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಹೆಚ್ಚಿನವರು ನಿಮ್ಮ ವಯಸ್ಸಿನ ಹೆಣ್ಣುಮಕ್ಕಳು. ಜಗತ್ತಿನ ಕೊಳ್ಳುವವರು ಸಿಟ್ಟಿಗೆದ್ದ ಮೇಲೆ ಕೆಲವೇ ವಾರಗಳಲ್ಲಿ ಒಂದು ಒಪ್ಪಂದವಾಯಿತು. ಕಾರ್ಖಾನೆಗಳ ಬೆಂಕಿ ಮತ್ತು ಕಟ್ಟಡ ಸುರಕ್ಷತೆಯನ್ನು ಹೊರಗಿನವರು ಬಂದು ತಪಾಸಣೆ ಮಾಡಬೇಕು, ಅದಕ್ಕೆ ಬ್ರ್ಯಾಂಡುಗಳು ಕಾನೂನಿನ ಪ್ರಕಾರ ಬದ್ಧವಾಗಿರಬೇಕು ಎಂಬ ಆ ಒಪ್ಪಂದಕ್ಕೆ ಮುಂದೆ ಇನ್ನೂರಕ್ಕೂ ಹೆಚ್ಚು ಕಂಪನಿಗಳು ಸಹಿ ಹಾಕಿದವು. ಕೊಳ್ಳುವವರು ಕೇಳಿದರೆ ಏನಾದೀತು ಎಂದು ಕೈಚೆಲ್ಲುವವರಿಗೆ ಇದನ್ನು ಹೇಳಿ. ಅಷ್ಟು ಜನ ಸಾಯುವ ಮೊದಲೇ ಕೇಳಬೇಕಿತ್ತು ಎಂಬುದನ್ನೂ ಹೇಳಿ.

ಬಾಂಗ್ಲಾದೇಶ ದೂರ ಅನ್ನಬೇಡಿ. ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಗಳಲ್ಲಿ ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಗಾರ್ಮೆಂಟ್ಸಿಗೆ ಓಡುವ ಹೆಣ್ಣುಮಕ್ಕಳನ್ನು ನೀವು ಬಸ್ಸಿನ ಕಿಟಕಿಯಿಂದ ನೋಡಿರುತ್ತೀರಿ. ಗಂಟೆಗಿಷ್ಟು ಪೀಸು ಎಂಬ ಟಾರ್ಗೆಟ್ ಅವರ ತಲೆಯ ಮೇಲಿರುತ್ತದೆ. ಕೇಂದ್ರ ಸರ್ಕಾರ ಭವಿಷ್ಯ ನಿಧಿಯ (ಪಿಎಫ್) ನಿಯಮ ಬದಲಿಸಿ, ಮಾಲೀಕರ ಪಾಲಿನ ಹಣವನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂದಾಗ, 2016ರ ಏಪ್ರಿಲ್‌ನಲ್ಲಿ ಇದೇ ಹೆಣ್ಣುಮಕ್ಕಳು ಸಾವಿರ ಸಾವಿರ ಸಂಖ್ಯೆಯಲ್ಲಿ ಹೆದ್ದಾರಿಗೆ ಇಳಿದರು. ಎರಡನೆಯ ದಿನವೇ ಸರ್ಕಾರ ಆ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು. ಮಗಳ ಮದುವೆ, ಮಗನ ಫೀಸು, ಮನೆಯ ಮೇಲಿನ ಸಾಲ ಎಲ್ಲವೂ ಆ ಪಿಎಫ್ ಹಣವನ್ನೇ ನಂಬಿಕೊಂಡಿದ್ದವು. ಹೊಲಿಗೆಯ ಕೂಲಿ ಎಷ್ಟು ತೆಳ್ಳಗಿದೆ ಎಂಬುದು ಆ ಎರಡು ದಿನದಲ್ಲಿ ಗೊತ್ತಾಯಿತು.

ಹಾಗಾದರೆ ಅಂಗಡಿಯ ಬಟ್ಟೆ ಮುಟ್ಟಲೇಬಾರದೇ? ಹಾಗೆ ನಾನು ಹೇಳಲಾರೆ. ನೀವು ಮುನಿಸಿಕೊಂಡರೆ ಮೊದಲು ಕೆಲಸ ಹೋಗುವುದು ಅವರದೇ. ನಾಲ್ಕು ಕೊಳ್ಳುವಲ್ಲಿ ಒಂದು ಕೊಳ್ಳಿ, ಆ ಒಂದನ್ನು ನಾಲ್ಕು ಪಟ್ಟು ದಿನ ಬಾಳಿಸಿ. ಎಲ್ಲಿ ಹೊಲಿದದ್ದು, ಯಾರು ಹೊಲಿದದ್ದು ಎಂದು ಬ್ರ್ಯಾಂಡಿನವರನ್ನು ಕೇಳಿ. ಗಾರ್ಮೆಂಟ್ಸಿನವರು ಕನಿಷ್ಠ ಕೂಲಿ ಹೆಚ್ಚಿಸಿ ಎಂದು ಬೀದಿಗಿಳಿದ ದಿನ ಟ್ರಾಫಿಕ್ಕು ಜಾಮಾಯಿತು ಎಂದು ಗೊಣಗಬೇಡಿ. ಅದು ನಿಮ್ಮ ಅಂಗಿಯದೇ ಮಾತು.

ಬಟ್ಟೆಯೊಳಗಿನ ನೆಲ, ನೀರು

ಈಗ ‘ಪರಿಸರಸ್ನೇಹಿ’ ಎಂಬ ಚೀಟಿ ಎಲ್ಲ ಬಟ್ಟೆಗೂ ಬಂದಿದೆ. ಹಸಿರು ಎಲೆಯ ಚಿತ್ರವೊಂದಿದ್ದರೆ ಮುಗಿಯಿತು. ಚೀಟಿಯನ್ನು ಓದಿ, ಆದರೆ ನಂಬುವ ಮೊದಲು ಎಳೆಯನ್ನು ನೋಡಿ.

ಇವತ್ತು ಜಗತ್ತಿನಲ್ಲಿ ತಯಾರಾಗುವ ನೂಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲಿಯೆಸ್ಟರ್, ಎಂದರೆ ಕಲ್ಲೆಣ್ಣೆಯಿಂದ ತೆಗೆದ ಪ್ಲಾಸ್ಟಿಕ್ಕು. ಒಗೆದಾಗಲೆಲ್ಲ ಅದರಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳು ಉದುರಿ ಚರಂಡಿ, ಕೆರೆ, ಹೊಳೆ ಸೇರುತ್ತವೆ. ಹತ್ತಿಯೆಲ್ಲ ಪುಣ್ಯದ ಬೆಳೆ ಅಂದುಕೊಳ್ಳಬೇಡಿ. ಒಂದು ಹತ್ತಿಯ ಟೀ ಶರ್ಟಿಗೆ ಬೆಳೆಯಿಂದ ಬಣ್ಣದವರೆಗೆ ಸುಮಾರು 2,700 ಲೀಟರ್ ನೀರು ಬೇಕೆಂಬ ಅಂದಾಜಿದೆ. ಬಣ್ಣ ಹಾಕಿದ ನೀರು ಎಲ್ಲಿಗೆ ಹೋಗುತ್ತದೆ ಎಂದು ತಿಳಿಯಬೇಕಾದರೆ ತಮಿಳುನಾಡಿನ ತಿರುಪ್ಪೂರಿಗೆ ಹೋಗಬೇಕು. ಬನಿಯನ್ನಿನ ಆ ಊರಿನ ಬಣ್ಣದ ಘಟಕಗಳು ಬಿಟ್ಟ ನೀರಿನಿಂದ ನೊಯ್ಯಲ್ ನದಿ ಕೆಟ್ಟು, ಕೆಳಗಿನ ರೈತರ ಬಾವಿ ಹೊಲ ಉಪ್ಪಾಗಿ, ಕೊನೆಗೆ 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು ನೂರಾರು ಘಟಕಗಳಿಗೆ ಬೀಗ ಹಾಕಿಸಿತು. ಒಂದು ಹನಿಯನ್ನೂ ಹೊರಗೆ ಬಿಡದೆ ಶುದ್ಧ ಮಾಡಿ ಮತ್ತೆ ಬಳಸಿದರೆ ಮಾತ್ರ ತೆರೆಯಬಹುದೆಂದಿತು.

ರೇಯಾನ್, ವಿಸ್ಕೋಸ್ ಎಂಬ ಮೆತ್ತನೆಯ ಬಟ್ಟೆಗಳ ಕತೆಯಂತೂ ನಮ್ಮ ಊರಿನದೇ. ಅವು ಮರದ ತಿರುಳಿನಿಂದ ಆಗುವ ಬಟ್ಟೆಗಳು. 1984ರಲ್ಲಿ ನಮ್ಮ ರಾಜ್ಯ ಸರ್ಕಾರ ತುಂಗಭದ್ರೆಯ ದಂಡೆಯ ಒಂದು ಖಾಸಗಿ ತಿರುಳು ಕಾರ್ಖಾನೆಯ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿ ಕಟ್ಟಿತು. ಆ ಕಂಪನಿ ನೀಲಗಿರಿ ಬೆಳೆಯಲೆಂದು ಸರ್ಕಾರ ಸುಮಾರು 75,000 ಎಕರೆ ಸಾಮುದಾಯಿಕ ಜಮೀನನ್ನು ಗೊತ್ತುಮಾಡಿತು. ದನ ಮೇಯುವ, ಬಡವರು ಸೌದೆ ಆಯುವ ಜಾಗಗಳವು. ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಹಳ್ಳಿಯವರನ್ನು ಕಟ್ಟಿಕೊಂಡು ಎದುರು ನಿಂತಿತು. ಶಿವರಾಮ ಕಾರಂತರೂ ಜೊತೆಯಾಗಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. 1987ರ ನವೆಂಬರಿನಲ್ಲಿ ಹಾನಗಲ್ ಕಡೆಯ ಕುಸನೂರಿನಲ್ಲಿ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಜನ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಹಣ್ಣು, ಮೇವಿನ ಗಿಡ ನೆಟ್ಟರು. 1991ರಲ್ಲಿ ಆ ಕಂಪನಿಯನ್ನೇ ಮುಚ್ಚಬೇಕಾಯಿತು. ಇವತ್ತು ‘ಬಿದಿರಿನ ಬಟ್ಟೆ, ಪ್ರಕೃತಿಯ ಕೊಡುಗೆ’ ಎಂದು ಮಾರುವುದರಲ್ಲಿ ಹೆಚ್ಚಿನದು ಇದೇ ವಿಸ್ಕೋಸು. ಬಿದಿರನ್ನು ರಾಸಾಯನಿಕದಲ್ಲಿ ಕರಗಿಸಿ ಎಳೆದ ನೂಲು. ಯಾರ ಗೋಮಾಳದಲ್ಲಿ ಬೆಳೆದ ಮರ, ಯಾವ ಹೊಳೆಗೆ ಬಿಟ್ಟ ನೀರು ಎಂದು ಆ ಚೀಟಿ ಹೇಳುವುದಿಲ್ಲ. ನೀವು ಕೇಳಬೇಕು.

ಮಗ್ಗದ ಮುಂದೆ ಕೂತು ನೋಡಿ

ರಜೆಗೆ ಎಲ್ಲಿಗೆ ಹೋಗುವುದೆಂದು ತಿಳಿಯದಿದ್ದರೆ ಒಮ್ಮೆ ಇಳಕಲ್ಲಿಗೆ ಹೋಗಿ. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕುಣಿಕೆ ಹಾಕಿ ಕೂಡಿಸುತ್ತಾರೆ. ಅದಕ್ಕೆ ಕೊಂಡಿ ಹಾಕುವುದು ಅನ್ನುತ್ತಾರೆ. ಸೆರಗಿನ ಕೆಂಪಿನ ಮೇಲೆ ಬಿಳಿಯ ತೋಪು ತೆನೆ ಏಳುತ್ತದೆ. ಮನೆಯಲ್ಲಿ ಒಬ್ಬರು ಕಂಡಿಗೆ ಸುತ್ತಬೇಕು, ಒಬ್ಬರು ಹಾಸು ಹೂಡಬೇಕು, ಒಬ್ಬರು ಗುಂಡಿಯೊಳಗೆ ಕಾಲಿಳಿಸಿ ಕೂತು ಲಾಳಿ ಒಗೆಯಬೇಕು. ಸೀರೆಯ ಬೆಲೆಯಲ್ಲಿ ಮೂರು ಜನರ ದಿನಗಳಿವೆ. ಪಕ್ಕದ ಗುಳೇದಗುಡ್ಡದ ಖಣ, ಮೊಳಕಾಲ್ಮೂರಿನ ರೇಷ್ಮೆ, ಉಡುಪಿಯ ಹತ್ತಿಯ ಸೀರೆ, ಎಲ್ಲಕ್ಕೂ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿದೆ. ಮಾನ್ಯತೆಯ ಕಾಗದವನ್ನು ಬೇಯಿಸಿ ಉಣ್ಣಲಾಗದು. ಕೊಳ್ಳುವವರು ಬಂದರೆ ಮಾತ್ರ ಒಲೆ ಹೊತ್ತುತ್ತದೆ.

ಉಡುಪಿ ಸೀರೆಗೆ 2016ರಲ್ಲಿ ಆ ಮಾನ್ಯತೆ ಬಂದಾಗ ಅದನ್ನು ನೇಯುವವರು ಕರಾವಳಿಯಲ್ಲಿ ಬೆರಳೆಣಿಕೆಯಷ್ಟೇ ಉಳಿದಿದ್ದರು, ಅವರಿಗೂ ವಯಸ್ಸಾಗಿತ್ತು. ಕದಿಕೆ ಟ್ರಸ್ಟಿನವರು ತಾಳಿಪಾಡಿಯ ನೇಕಾರರ ಸಹಕಾರ ಸಂಘದ ಜೊತೆ ಸೇರಿ ಮತ್ತೆ ಮಗ್ಗ ಹೂಡಿಸಿದರು, ಹೊಸಬರಿಗೆ ಕಲಿಸಿದರು. ಈಗ ಹೆಣ್ಣುಮಕ್ಕಳು ಆ ಮಗ್ಗದ ಮುಂದೆ ಕೂತಿದ್ದಾರೆ. ಸಾಗರದ ಹತ್ತಿರ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ 1990ರ ದಶಕದಲ್ಲಿ ಹಳ್ಳಿಯ ಹೆಣ್ಣುಮಕ್ಕಳ ಜೊತೆ ಚರಕ ಸಂಸ್ಥೆ ಕಟ್ಟಿದರು. ಅಡಿಕೆ ಬೇಯಿಸಿದಾಗ ಉಳಿಯುವ ಚೊಗರು, ದಾಳಿಂಬೆ ಸಿಪ್ಪೆ, ಮಂಜಿಷ್ಠ, ನೀಲಿ ಇವೇ ಅಲ್ಲಿಯ ಬಣ್ಣಗಳು. ಕೈಯಿಂದ ಮಾಡಿದ ವಸ್ತುಗಳ ಮೇಲೆ ಜಿಎಸ್‌ಟಿ ಬೇಡ ಎಂದು 2017ರಲ್ಲಿ ಪ್ರಸನ್ನ ಉಪವಾಸ ಕೂತದ್ದು ನಿಮಗೆ ನೆನಪಿರಬಹುದು. ಅಂಥ ಸಂಸ್ಥೆಯೂ 2020ರಲ್ಲಿ, ಕೋವಿಡ್‌ ಕಾಲದ ಹೊಡೆತಕ್ಕೆ ಸಿಕ್ಕಿ, ದಿವಾಳಿಯಾಗಿದ್ದೇವೆಂದು ಹೇಳಿಕೊಳ್ಳಬೇಕಾಯಿತು. ಎಂಥ ಒಳ್ಳೆಯ ಕೆಲಸವಾದರೂ ಗಿರಾಕಿಯಿಲ್ಲದೆ ಬರೀ ಹೊಗಳಿಕೆಯಲ್ಲಿ ಬದುಕುವುದಿಲ್ಲ.

ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವಿದೆ, 1957ರಲ್ಲಿ ಹುಟ್ಟಿದ್ದು. ಬಿಐಎಸ್ ಮಾನ್ಯತೆಯ ರಾಷ್ಟ್ರಧ್ವಜ ತಯಾರಿಸುವ ಹೆಮ್ಮೆ ಅದರದು. ನೂಲುವವರಿಂದ ಹೊಲಿಯುವವರವರೆಗೆ ಹೆಚ್ಚಿನವರು ಹೆಣ್ಣುಮಕ್ಕಳೇ. 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆ ತಿದ್ದಿ, ಯಂತ್ರದಲ್ಲಿ ಮಾಡಿದ ಪಾಲಿಯೆಸ್ಟರ್ ಧ್ವಜಕ್ಕೂ ಒಪ್ಪಿಗೆ ಕೊಟ್ಟ ಮೇಲೆ ಆ ಕೆಲಸಕ್ಕೆ ಪೆಟ್ಟು ಬಿತ್ತು. ನಿಮ್ಮ ಆಫೀಸಿನ ಮೇಲೆ ಹಾರಿಸುವ ಬಾವುಟವನ್ನಾದರೂ ಖಾದಿಯದೇ ತರಿಸಿ. ದೇಶಪ್ರೇಮಕ್ಕೆ ಇಷ್ಟು ಸುಲಭದ ದಾರಿ ಇನ್ನೊಂದಿಲ್ಲ.

ಕೊಳ್ಳುವಾಗ ಮೋಸ ಹೋಗಬೇಡಿ. ಕೈಮಗ್ಗದ್ದೆಂದು ಪವರ್‌ಲೂಮಿನ ಬಟ್ಟೆ ಮಾರುವವರು ಬಹಳ. ಪವರ್‌ಲೂಮಿನ ಕೂಲಿಯವರು ನಮ್ಮ ವೈರಿಗಳಲ್ಲ, ಅವರೂ ದುಡಿದು ಉಣ್ಣುವವರೇ. ವೈರಿ ಸುಳ್ಳು ಚೀಟಿ. ಅಂಚಿನ ಉದ್ದಕ್ಕೂ ಸೂಜಿಮೊನೆಯಷ್ಟು ತೂತಿನ ಗುರುತಿದೆಯೇ, ನೇಯ್ಗೆಯಲ್ಲಿ ಅಲ್ಲಲ್ಲಿ ಕೈಯ ಏರಿಳಿತವಿದೆಯೇ, ಹ್ಯಾಂಡ್‌ಲೂಮ್ ಮಾರ್ಕ್ ಅಥವಾ ಖಾದಿ ಮಾರ್ಕ್ ಇದೆಯೇ ನೋಡಿ. ಸೆರಗಿನ ಒಂದು ಎಳೆ ಕಿತ್ತು ಬೆಂಕಿಗೆ ಹಿಡಿಯಿರಿ. ಹತ್ತಿ ಕಾಗದದ ವಾಸನೆಯಲ್ಲಿ ಉರಿದು ಮೆತ್ತನೆಯ ಬೂದಿಯಾಗುತ್ತದೆ. ರೇಷ್ಮೆ ಸುಟ್ಟ ಕೂದಲಿನ ವಾಸನೆ ಕೊಡುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಸಾಧ್ಯವಾದರೆ ನೇಕಾರರ ಸೊಸೈಟಿಯಿಂದ, ಸರ್ಕಾರದ ಪ್ರಿಯದರ್ಶಿನಿ ಮಳಿಗೆಯಿಂದ ಕೊಳ್ಳಿ. ಮತ್ತೆ, ಚೌಕಾಸಿ ಮಾಡಬೇಡಿ. ಮಾಲ್‌ನಲ್ಲಿ ಬರೆದ ಬೆಲೆಗೆ ತುಟಿಪಿಟಕ್ಕೆನ್ನದವರು ಜಾತ್ರೆಯಲ್ಲಿ ಬುಟ್ಟಿ ಮಾರುವ ಅವ್ವನ ಹತ್ತಿರ ಇಪ್ಪತ್ತು ರೂಪಾಯಿಗೆ ಜಗ್ಗಾಡುವುದು ಜಾಣತನವಲ್ಲ.

ಕೈಮಗ್ಗ ದುಬಾರಿ ಎಂಬುದು ನನಗೂ ಗೊತ್ತು. ಎಲ್ಲ ಬಟ್ಟೆಯನ್ನೂ ಹಾಗೆ ಕೊಳ್ಳಲಾಗದು. ವರ್ಷಕ್ಕೊಂದು, ಹಬ್ಬಕ್ಕೊಂದು ಸಾಕು. ಒಂದು ಎಚ್ಚರಿಕೆ ಮಾತ್ರ ಇರಲಿ: ಖಾದಿ ಉಟ್ಟ ಮೇಲೆ ಉಡದವರನ್ನು ಕೀಳಾಗಿ ನೋಡಬೇಡಿ. ಸಂತೆಯಲ್ಲಿ ಇನ್ನೂರು ರೂಪಾಯಿಯ ಪಾಲಿಯೆಸ್ಟರ್ ಸೀರೆ ಕೊಂಡು ಅದನ್ನು ಹರಿಯುವವರೆಗೆ ಉಡುವ ಕೂಲಿಯ ಹೆಣ್ಣುಮಗಳು, ತಿಂಗಳಿಗೆ ಐದು ‘ಸಾವಯವ’ ಕುರ್ತಿ ಕೊಳ್ಳುವವರಿಗಿಂತ ಭೂಮಿಗೆ ಕಡಿಮೆ ಭಾರ.

ತೇಪೆಗೂ ಮಾನವಿದೆ

ನಿಮ್ಮ ಮನೆಯ ಹಿರಿಯರಿಗೆ ‘ಫ್ಯಾಷನ್’ ಗೊತ್ತಿರಲಿಲ್ಲ ಅಂದುಕೊಳ್ಳಬೇಡಿ. ಧಾರವಾಡ ಕಡೆಯ ಕಸೂತಿಯನ್ನು ನೋಡಿ: ಗವಂತಿ, ಮುರಗಿ, ನೇಯ್ಗಿ, ಮೆಂತೆ ಎಂದು ನಾಲ್ಕು ಬಗೆ. ಗವಂತಿ, ಮುರಗಿಯಲ್ಲಿ ಎಳೆಗೆ ಗಂಟು ಹಾಕುವುದಿಲ್ಲ, ಒಳಗೂ ಹೊರಗೂ ಒಂದೇ ಚಿತ್ತಾರ. ಅದೇ ಕೈಗಳು ಹರಿದ ಬಟ್ಟೆಗೂ ಸೂಜಿ ಹಿಡಿಯುತ್ತಿದ್ದವು. ಸೀರೆ ಹಳತಾದರೆ ಲಂಗವಾಗುತ್ತಿತ್ತು, ಆಮೇಲೆ ಕೂಸಿನ ದುಪಟಿ, ಆಮೇಲೆ ಕೌದಿ, ಆಮೇಲೆ ಒಲೆಯ ಮುಂದಿನ ಮಸಿ ಅರಿವೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕೌದಿಗಳು ಇವತ್ತು ಹೊರದೇಶದ ಕಲಾ ಪ್ರದರ್ಶನಗಳಿಗೂ ಹೋಗಿವೆ. ಅವರು ಅಂಚಿನಿಂದ ಹೊಲಿಯುತ್ತ ನಡುವಿಗೆ ಬರುತ್ತಾರೆ. ನಾಲ್ಕೂ ಮೂಲೆಗೆ ಮಡಚಿದ ಬಟ್ಟೆಯ ಹೂ ಇಡದೆ ಕೌದಿ ಮುಗಿಯಿತು ಅನ್ನುವುದಿಲ್ಲ. ಬಡತನದ ಬಟ್ಟೆಗೂ ಹೂ ಬೇಕು ಎಂಬ ಹಟ ಅದು.

ಗುಂಡಿ ಹಚ್ಚುವುದು, ಅಂಚು ಮಡಚಿ ಹೊಲಿಯುವುದು, ಸಣ್ಣ ಹರಕಿಗೆ ರಫು ಮಾಡುವುದು, ಇಷ್ಟನ್ನು ಹುಡುಗರೂ ಹುಡುಗಿಯರೂ ಕಲಿಯಿರಿ. ಒಂದು ಭಾನುವಾರದ ಕೆಲಸ. ನಿಮ್ಮ ಕೈಲಾಗದ್ದನ್ನು ಓಣಿಯ ಟೈಲರಿಗೆ ಕೊಡಿ, ಅವರು ಕೇಳಿದಷ್ಟು ಕೊಡಿ. ಉಡುಗೊರೆ ಕೊಡುವ ಪ್ರಸಂಗ ಬಂದಾಗಲೂ ಇದೇ ಲೆಕ್ಕ. ಮಗುವಿನ ನಾಮಕರಣಕ್ಕೆ ಪ್ಲಾಸ್ಟಿಕ್ ಗೊಂಬೆಯ ಬದಲು ಚನ್ನಪಟ್ಟಣದ ಬುಗುರಿಯೋ ಗಿಲಕಿಯೋ ಇರಲಿ. ಆಲೆ ಮರದ ತುಂಡನ್ನು ಕಡೆಯುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ, ತಿಕ್ಕಿದ ಬಿಸಿಗೆ ಅರಗು ಕರಗಿ ಹಿಡಿಯುತ್ತದೆ, ತಾಳೆಗರಿಯಲ್ಲಿ ಉಜ್ಜಿದರೆ ಹೊಳಪು ಬರುತ್ತದೆ. ಬಾಯಿಗಿಟ್ಟುಕೊಳ್ಳುವ ಕೂಸಿಗಾದರೆ ಬಣ್ಣ ಯಾವುದರಿಂದ ಮಾಡಿದ್ದು ಎಂದು ಕೇಳಿಯೇ ಕೊಳ್ಳಿ. ಸಭೆ ಸಮಾರಂಭಗಳಲ್ಲಿ ಪುಕ್ಕಟೆ ಕೊಡುವ ಚೀಲಗಳನ್ನು ಮಾತ್ರ ಬೇಡ ಅನ್ನುವುದನ್ನು ಕಲಿಯಿರಿ. ಮನೆಯಲ್ಲಿ ಹತ್ತು ಸೆಣಬಿನ ಚೀಲ ಕೊಳೆಯುತ್ತಿರುವುದರ ಹೆಸರು ಪರಿಸರ ಕಾಳಜಿಯಲ್ಲ.

ಕೊಡುವ ಬಗೆ

ಈಗ ದಾನದ ಮಾತು. ಕಪಾಟು ತುಂಬಿದಾಗ ನಮಗೆಲ್ಲ ಬಡವರ ನೆನಪಾಗುತ್ತದೆ. ನಾವು ಬೇಡವೆಂದ ಬಟ್ಟೆಯನ್ನು ಯಾರೋ ಕಣ್ಣಿಗೊತ್ತಿಕೊಂಡು ಉಡುತ್ತಾರೆ ಎಂಬ ನಂಬಿಕೆ. ಇದು ನಿಜವಲ್ಲ. ಶ್ರೀಮಂತ ದೇಶಗಳು ‘ದಾನ’ ಕೊಟ್ಟ ಬಟ್ಟೆ ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಘಾನಾದ ಅಕ್ರಾ ಪೇಟೆಗೆ ಬಂದು ಬೀಳುತ್ತದೆ. ಮಾರಾಟವಾಗದ್ದು ಚರಂಡಿಗೆ, ಸಮುದ್ರದ ದಂಡೆಗೆ. ಚಿಲಿ ದೇಶದ ಅಟಕಾಮಾ ಮರಳುಗಾಡಿನಲ್ಲಿ ಹಳೆ ಬಟ್ಟೆಯ ಗುಡ್ಡಗಳೇ ಇವೆ. ನಮ್ಮಲ್ಲೂ ಹೀಗೇ ಆಗಿದೆ. 2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಗೆ ಹೋದ ಹಳೆ ಬಟ್ಟೆಯ ಮೂಟೆಗಳು ರಸ್ತೆಬದಿಯಲ್ಲಿ ರಾಶಿ ಬಿದ್ದವು. ಮನೆ ಕಳೆದುಕೊಂಡವರು ಮಾನ ಕಳೆದುಕೊಂಡಿರಲಿಲ್ಲ. ಹರಿದದ್ದನ್ನು, ಕಲೆಯಾದದ್ದನ್ನು ಅವರೇಕೆ ಉಡಬೇಕು?

ದೆಹಲಿಯ ಗೂಂಜ್ ಸಂಸ್ಥೆಯ ಅಂಶು ಗುಪ್ತ ಈ ಮರ್ಮವನ್ನು ಹಿಡಿದರು. 1999ರಲ್ಲಿ ಶುರುವಾದ ಅವರ ಕೆಲಸದಲ್ಲಿ ಬಟ್ಟೆ ಭಿಕ್ಷೆಯಲ್ಲ, ಕೂಲಿ. ಹಳ್ಳಿಯವರು ತಮ್ಮೂರಿಗೆ ಏನು ಬೇಕೆಂದು ತಾವೇ ಗೊತ್ತುಮಾಡಿ ಬಾವಿ ತೋಡುತ್ತಾರೆ, ದಾರಿ ಸರಿಪಡಿಸುತ್ತಾರೆ, ಕೆರೆ ಹೂಳೆತ್ತುತ್ತಾರೆ. ಅದಕ್ಕೆ ಪ್ರತಿಯಾಗಿ ವಿಂಗಡಿಸಿ, ಒಗೆದು, ಹೊಂದಿಸಿದ ಬಟ್ಟೆಯ ಗಂಟು ಅವರದಾಗುತ್ತದೆ. 2015ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನಾವು ಮನೆಯಲ್ಲಿ ಪಾಲಿಸಬಹುದಾದ ನಿಯಮ ಇದರಲ್ಲೇ ಇದೆ. ನಿಮ್ಮ ಸ್ವಂತ ತಂಗಿಗೆ ಕೊಡಲು ನಾಚಿಕೆಯಾಗುವ ಬಟ್ಟೆಯನ್ನು ಯಾರಿಗೂ ಕೊಡಬೇಡಿ. ಒಗೆದು, ಗುಂಡಿ ಹಚ್ಚಿ, ಇಸ್ತ್ರಿ ಮಾಡಿ ಕೊಡಿ. ಹರಿದದ್ದನ್ನು ನೀವೇ ನೆಲ ಒರೆಸಲು ಬಳಸಿ. ನೆರೆ ಬಂದಾಗ ಅಲ್ಲಿಯವರನ್ನು ಏನು ಬೇಕೆಂದು ಕೇಳಿ ಕಳಿಸಿ. ಹೆಚ್ಚಿನ ಸಲ ಅವರಿಗೆ ಬೇಕಾಗುವುದು ಹೊಸ ಒಳ ಉಡುಪು, ಚಾದರ, ಮುಟ್ಟಿನ ಪ್ಯಾಡು, ಔಷಧಿ. ನಿಮ್ಮ ಹಳೆ ಜೀನ್ಸ್ ಅಲ್ಲ. ಮನೆಗೆಲಸದ ಅಕ್ಕನಿಗೆ ಹಬ್ಬಕ್ಕೆ ಸೀರೆ ಕೊಟ್ಟು, ಎರಡು ದಿನ ಬರಲಿಲ್ಲವೆಂದು ಸಂಬಳ ಹಿಡಿಯುವವರನ್ನು ನೋಡಿದ್ದೇನೆ. ಸೀರೆ ಇಲ್ಲದಿದ್ದರೂ ನಡೆದೀತು, ವಾರದ ರಜೆಯೂ ಪೂರ್ತಿ ಸಂಬಳವೂ ಅವರ ಹಕ್ಕು.

ದುಡ್ಡು ಕೊಡುವುದಕ್ಕೂ ನಮ್ಮ ನಾಡಿನಲ್ಲಿ ಒಂದು ಹದವಿತ್ತು. ಅಡಿಗೆಗೆ ಅಕ್ಕಿ ತೆಗೆಯುವಾಗ ಒಂದು ಹಿಡಿಯನ್ನು ಬೇರೆ ಗಡಿಗೆಗೆ ಹಾಕುವ ಮುಷ್ಟಿ ಅಕ್ಕಿಯ ಪದ್ಧತಿ ಎಷ್ಟೋ ಮನೆಗಳಲ್ಲಿತ್ತು. ತಿಂಗಳ ಕೊನೆಗೆ ಅದು ಮಠದ, ಬೋರ್ಡಿಂಗಿನ ಮಕ್ಕಳಿಗೆ ಹೋಗುತ್ತಿತ್ತು. ಓದುವ ಬಡ ಹುಡುಗರಿಗೆ ದಿನಕ್ಕೊಂದು ಮನೆಯಲ್ಲಿ ವಾರಾನ್ನವಿತ್ತು, ಬೇಸಿಗೆಯಲ್ಲಿ ದಾರಿಹೋಕರಿಗೆ ಅರವಟ್ಟಿಗೆಯಿತ್ತು. ವಾರಾನ್ನದಲ್ಲಿ ಜಾತಿಯ ಗೆರೆಯೂ ಇತ್ತು ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ಆ ಗೆರೆಯನ್ನು ಅಳಿಸಿ, ಪದ್ಧತಿಯನ್ನು ಉಳಿಸಿಕೊಳ್ಳುವುದು ನಿಮ್ಮ ಕೆಲಸ. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ತರುಣ ಮೇಷ್ಟ್ರುಗಳು ಸೇರಿ ಒಂದು ಶಾಲೆ ತೆರೆದರು. ಅವರು ಕುಬೇರರಾಗಿರಲಿಲ್ಲ. ತಮ್ಮ ದುಡಿಮೆಯನ್ನೇ ಮುಡಿಪಾಗಿಟ್ಟರು. ಅದೇ ಇಂದಿನ ಕೆಎಲ್‌ಇ ಸಂಸ್ಥೆಯ ಬುಡ. ದೊಡ್ಡ ಮೊತ್ತ ಕೂಡಲಿ, ಆಮೇಲೆ ಕೊಡೋಣ ಎಂದು ಅವರು ಕಾದಿದ್ದರೆ ನಮ್ಮ ಕಡೆಯ ಎಷ್ಟೋ ಮಕ್ಕಳು ಓದುತ್ತಲೇ ಇರಲಿಲ್ಲ.

ಆದ್ದರಿಂದ ಹುಟ್ಟುಹಬ್ಬಕ್ಕೊಮ್ಮೆ ಅನಾಥಾಶ್ರಮಕ್ಕೆ ಹೋಗಿ ಕೇಕು ಕತ್ತರಿಸಿ ಫೋಟೋ ಹಿಡಿಯುವುದಕ್ಕಿಂತ, ತಿಂಗಳು ತಿಂಗಳು ಒಂದು ಸಣ್ಣ ಮೊತ್ತ ತಾನಾಗಿ ಹೋಗುವಂತೆ ಬ್ಯಾಂಕಿಗೆ ಹೇಳಿಡಿ. ನಡೆಸುವವರಿಗೆ ಮುಂದಿನ ತಿಂಗಳ ಅಕ್ಕಿಯ ಲೆಕ್ಕ ಹಾಕಲು ಅನುಕೂಲ. ಕೊಡುವ ಮೊದಲು ಸಂಸ್ಥೆಯ ನೋಂದಣಿ, ವರ್ಷದ ಲೆಕ್ಕಪತ್ರ ಕೇಳಿ, ರಸೀದಿ ತೆಗೆದುಕೊಳ್ಳಿ. ಕೇಳಿದ್ದಕ್ಕೆ ಮುಖ ಸಿಂಡರಿಸುವವರಿಗೆ ಕೊಡಬೇಡಿ. ಫೋನಿನಲ್ಲಿ ಬಂದ ಕಣ್ಣೀರಿನ ವಿಡಿಯೋ ನೋಡಿದ ಕೂಡಲೇ ಕಳಿಸಬೇಡಿ. ಆಸ್ಪತ್ರೆಗೆ ಒಂದು ಕರೆ ಮಾಡಿ ವಿಚಾರಿಸಿದರೆ ನಿಜವಾದ ಮಗುವಿಗೇ ನಿಮ್ಮ ದುಡ್ಡು ಮುಟ್ಟುತ್ತದೆ. ಪಡೆಯುವವರ ಮುಖವನ್ನು ಸ್ಟೇಟಸ್ಸಿಗೆ ಹಾಕಬೇಡಿ. ಅವರ ಬಡತನ ನಿಮ್ಮ ಪುಣ್ಯದ ಜಾಹೀರಾತಲ್ಲ. ದುಡ್ಡಿಲ್ಲದಿದ್ದರೆ ಸಮಯ ಕೊಡಿ. ಸರ್ಕಾರಿ ಶಾಲೆಯ ಮಕ್ಕಳಿಗೆ ಶನಿವಾರ ಮಧ್ಯಾಹ್ನ ಗಣಿತ ಹೇಳಿಕೊಡಿ, ಓಣಿಯ ಅಜ್ಜನಿಗೆ ಪಿಂಚಣಿಯ ಅರ್ಜಿ ತುಂಬಿಕೊಡಿ, ವರ್ಷಕ್ಕೆರಡು ಸಲ ರಕ್ತ ಕೊಡಿ.

ಇಷ್ಟೆಲ್ಲ ಒಂದೇ ದಿನ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಈ ವರ್ಷಕ್ಕೆ ಮೂರು ಸಾಕು. ಹೊಸ ಬಟ್ಟೆಯನ್ನು ಬುಟ್ಟಿಗೆ ಹಾಕಿದ ಮೇಲೆ ಏಳು ದಿನ ಕಾಯಿರಿ, ಎಂಟನೆಯ ದಿನವೂ ಬೇಕೆನಿಸಿದರೆ ಕೊಳ್ಳಿ. ಕೊಂಡದ್ದರಲ್ಲಿ ಒಂದಾದರೂ ಹೆಸರು, ಊರು ಗೊತ್ತಿರುವ ಕೈಗಳಿಂದ ಬಂದದ್ದಾಗಿರಲಿ. ಕೊಳ್ಳದೆ ಉಳಿದ ದುಡ್ಡಿನಲ್ಲಿ ಒಂದು ಪಾಲು, ಸಣ್ಣದಾದರೂ ಸರಿ, ತಪ್ಪದೆ ತಿಂಗಳು ತಿಂಗಳು ಬೇರೆಯವರಿಗೆ ಸಲ್ಲಲಿ. ಮುಂದಿನ ವರ್ಷ ನಾಲ್ಕನೆಯದನ್ನು ನೀವೇ ಗೊತ್ತುಮಾಡಿಕೊಳ್ಳುತ್ತೀರಿ.

ಒಪ್ಪಿಗೆಯಾಗದಿದ್ದರೆ ನನ್ನ ಜೊತೆ ವಾದ ಮಾಡಿ. ಕ್ಲಾಸಿನಲ್ಲಿ ಎದ್ದು ನಿಂತು ಪ್ರಶ್ನೆ ಕೇಳಿದ ಮಕ್ಕಳನ್ನು ನಾನು ಎಂದೂ ಕೂರಿಸಿದವಳಲ್ಲ. ಒಪ್ಪಿಗೆಯಾದರೆ ಮುಂದೆ ಏನನ್ನು ಕೊಳ್ಳುವಾಗಲೂ, ಇದರಿಂದ ಯಾರ ಹೊಟ್ಟೆ ತುಂಬಿತು, ಯಾರದು ಖಾಲಿಯಾಯಿತು ಎಂದು ಅಂಗಡಿಯವರನ್ನು ಕೇಳಿ. ಅವರಿಗೆ ಉತ್ತರ ಗೊತ್ತಿರಲಿಕ್ಕಿಲ್ಲ. ಆದರೂ ಕೇಳಿ. ಹತ್ತು ಜನ ಕೇಳಿದರೆ ಅವರು ತಮಗೆ ಮಾಲು ಕೊಡುವವರನ್ನು ಕೇಳುತ್ತಾರೆ, ಆ ಪ್ರಶ್ನೆ ಮಗ್ಗದವರೆಗೂ ಹೊಲದವರೆಗೂ ಹೋಗುತ್ತದೆ. ಚೆನ್ನಾಗಿ ಉಡಿ, ಚೆನ್ನಾಗಿ ಉಣ್ಣಿ, ನಿಮ್ಮ ಪಾಲಿನಷ್ಟನ್ನೇ ಎತ್ತಿಕೊಳ್ಳಿ.